ಹಂಡೆಗೆ ತಲೆ ಕೊಡದ ಒಂಬತ್ತು ಮಂದಿ

ಹುಬ್ಬಳ್ಳಿಯ ‘ನೆರಳು’ ಕೇಂದ್ರದ ರತ್ನಮಾಲಾ ಬಡಿಗೇರ ದಿನಕ್ಕೆ ಹದಿನಾಲ್ಕು ಮಂದಿಯ ಸಂಕಟ ಕೇಳುತ್ತಿದ್ದಳು. ಹದಿನಾಲ್ಕು! ಬೇರೆ ಊರಿನ ಆಪ್ತಸಮಾಲೋಚಕರು ನಾಲ್ವರ ಕಥೆ ಕೇಳುವಷ್ಟರಲ್ಲಿ ಸುಸ್ತಾಗಿ, ಐದನೆಯವರ ಹೆಗಲ ಮೇಲೆ ತಾವೇ ತಲೆಯಿಟ್ಟು ಅಳುತ್ತಾರೆ. ಇವಳ ಕೋಣೆಯಲ್ಲಿ ಬಿದ್ದ ಕಣ್ಣೀರನ್ನು ಕಾಲುವೆ ತೋಡಿ ಹರಿಸಿದ್ದರೆ ಉಣಕಲ್ ಕೆರೆ ವರ್ಷಕ್ಕೆ ಮೂರು ಸಲ ಕೋಡಿ ಬೀಳುತ್ತಿತ್ತು. ಬೆಂಕಿಯಿಂದ ಎದ್ದು ಬಂದವರು, ಮನೆಯವರ ಕೈಯಲ್ಲೇ ಮುರಿದುಹೋದವರು, ಕುಸಿದ ಗೋಡೆಯಡಿ ಮೂರು ದಿನ ಕಳೆದವರು, ಎಲ್ಲರೂ ಇವಳ ಎದುರಿನ ಕುರ್ಚಿಯಲ್ಲಿ ಕೂತು ಹೋದವರೇ. ಅಷ್ಟನ್ನೂ ಕೇಳಿ ಸಂಜೆ ಐದೂವರೆಗೆ ರತ್ನಮಾಲಾ ದುರ್ಗದಬೈಲಿಗೆ ಹೋಗಿ, ಮೆಂತೆಪಲ್ಲೆಯ ಸೂಡಿಗೆ ಚೌಕಾಸಿ ಮಾಡಿ, ಹಾಡು ಗುನುಗುತ್ತ ಮನೆ ಸೇರುತ್ತಿದ್ದಳು.

ಇದಕ್ಕೆಲ್ಲ ಕಾರಣ ಹಂಡೆ.

ಕಾಗದಪತ್ರದಲ್ಲಿ ಅದರ ಹೆಸರು ‘ಭಾವಭಾರ ನಿವಾರಕ ಯಂತ್ರ’. ಆದರೆ ಬಚ್ಚಲಮನೆಯ ತಾಮ್ರದ ಹಂಡೆಯನ್ನು ಬೋರಲು ಹಾಕಿದಂತೆ ಕಾಣುವ ಯಂತ್ರವನ್ನು ಹುಬ್ಬಳ್ಳಿಯವರು ಇನ್ನೇನೆಂದು ಕರೆದಾರು? ಅದರ ಗುಟ್ಟು ಸರಳ. ಮನಸ್ಸು ಒಂದು ನೆನಪನ್ನು ಹೊರಗೆ ತೆಗೆದಾಗ ಅದು ಸ್ವಲ್ಪ ಹೊತ್ತು ಹಸಿಯಾಗಿರುತ್ತದೆ, ಕುಂಬಾರನ ತಿಗರಿಯ ಮೇಲಿನ ಗಡಿಗೆಯಂತೆ. ಮತ್ತೆ ಒಳಗಿಟ್ಟ ಮೇಲೆ ಗಟ್ಟಿಯಾಗುತ್ತದೆ. ಹಸಿಯಾಗಿರುವ ಆ ಹೊತ್ತಿನಲ್ಲಿ ತಲೆಯ ಎರಡೂ ಕಡೆಯಿಂದ ಕಾಂತದ ಅಲೆ ಹಾಯಿಸಿದರೆ ಸಂಗತಿ ಉಳಿಯುತ್ತದೆ, ಅದಕ್ಕೆ ಅಂಟಿದ ಕಾವು ಬಿಟ್ಟುಹೋಗುತ್ತದೆ. ಯಾರು ಯಾರಿಗೆ ಏನು ಮಾಡಿದರು, ಯಾವ ದಿನ, ಯಾವ ಗಳಿಗೆ, ಎಲ್ಲವೂ ನೆನಪಿರುತ್ತದೆ. ನೆನೆದರೆ ಮಾತ್ರ ಸುಡುವುದಿಲ್ಲ. ಒಬ್ಬರ ಸಂಕಟ ಕೇಳಿ ಮುಗಿಸು, ಹಂಡೆಯಡಿ ನಾಲ್ಕು ನಿಮಿಷ ಕೂಡು, ತೊಳೆದ ತಾಟಿನಂತಾಗಿ ಎದ್ದು ಮುಂದಿನವರನ್ನು ಕರೆ. ಇದು ನೆರಳು ಕೇಂದ್ರದ ಪದ್ಧತಿ.

ಕೇಂದ್ರದ ಒಂಬತ್ತು ಸಮಾಲೋಚಕಿಯರ ಮಣಿಕಟ್ಟಿಗೂ ಒಂದೊಂದು ಪಟ್ಟಿ ಇತ್ತು. ನಾಡಿಬಡಿತ, ಬೆವರು, ದನಿಯ ನಡುಕ ಎಲ್ಲ ಅಳೆದು ಅದು ‘ಭಾರ’ವನ್ನು ಅಂಕಿಯಲ್ಲಿ ತೋರಿಸುತ್ತಿತ್ತು, ಆಡಿದ ಮಾತನ್ನೂ ನಿಯಂತ್ರಣ ಕೋಣೆಗೆ ಮುಟ್ಟಿಸುತ್ತಿತ್ತು. ಸೊನ್ನೆಯೆಂದರೆ ಹತ್ತಿ, ನೂರೆಂದರೆ ಹುಚ್ಚಾಸ್ಪತ್ರೆ. ಅರವತ್ತು ದಾಟಿದರೆ ಗಂಟೆ ಹೊಡೆದು ಕೋಣೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಹಾಗೆ ದಾಟಿದವರು ಹಂಡೆಗೆ ತಲೆ ಕೊಡುವವರೆಗೂ ಯಾರೆದುರೂ ಕೂರುವಂತಿಲ್ಲ.

ಹಂಡೆ ಬರುವ ಮೊದಲು ಶನಿವಾರದ ಕೂಟ ಇತ್ತು. ಎಲ್ಲರಿಗಿಂತ ಹಿರಿಯಳಾದ ಜೈಬುನ್ನಿಸಾ ನದಾಫ್ ಕಟ್ಟಿದ ಕೂಟ. ಒಂಬತ್ತೂ ಮಂದಿ ಮಾಳಿಗೆಯ ಮೇಲೆ ನೀರಿನ ಟಾಕಿಯ ನೆರಳಿನಲ್ಲಿ ಕೂತು, ನಡುವೆ ಶೇಂಗಾದ ರಾಶಿ ಹಾಕಿಕೊಂಡು ಸುಲಿಯುತ್ತ ಮಾತಾಡಬೇಕು. ಬಂದವರ ಕಥೆ ಹೇಳುವಂತಿಲ್ಲ, ಹೆಸರು, ಊರು ತೆಗೆಯುವಂತಿಲ್ಲ. ಕೇಳಿದ ಮೇಲೆ ನನ್ನ ಮೈಯಲ್ಲಿ ಏನಾಯಿತು ಎಂಬುದಷ್ಟೇ ಮಾತು. ಕೇಳಿಸಿಕೊಂಡವರು ತಮಗೆ ಅದು ಎಲ್ಲಿ ತಾಗಿತೆಂದು ಹೇಳಬೇಕು, ಉಪದೇಶ ಮಾತ್ರ ಕೊಡಕೂಡದು. ಕೊಟ್ಟವರು ಎಲ್ಲರ ಚಹಾದ ಕಪ್ಪು ತೊಳೆಯಬೇಕು. ದಿನವಿಡೀ ಧೈರ್ಯ ಹೇಳುವುದೇ ಕಸುಬಾದವರಿಗೆ ಬಾಯಿ ಕಟ್ಟುವುದು ಸಾಮಾನ್ಯವೇ? ಆ ಕಟ್ಟಳೆ ಮಾಡಿದ ಜೈಬುನ್ನಿಸಾಳೇ ಇಪ್ಪತ್ತೇಳು ವಾರ ಒಂದೇ ಸಮನೆ ಕಪ್ಪು ತೊಳೆದು ದಾಖಲೆ ಮಾಡಿದ್ದಳು. ಹಂಡೆ ಬಂದ ವಾರವೇ ನಿರ್ದೇಶಕರು ಕೂಟ ನಿಲ್ಲಿಸಿದರು. ಮೂರು ತಾಸು ದಂಡ, ಅಷ್ಟು ಹೊತ್ತಿನಲ್ಲಿ ಇನ್ನೂ ಮೂವರನ್ನು ನೋಡಬಹುದು ಎಂದು ಆದೇಶದಲ್ಲಿತ್ತು.

ಮೊದಮೊದಲು ರತ್ನಮಾಲಾಗೂ ಹಂಡೆ ದೇವರಂತೆ ಕಂಡಿತ್ತು. ಮನೆಯಲ್ಲಿ ಮಾತ್ರ ಅತ್ತೆ ನೀಲವ್ವ ಮುಖ ಊದಿಸಿಕೊಂಡಿದ್ದಳು.

“ಏನ ಆಗೈತಿ ನಿನ್ನ ಹೇಂತಿಗೆ?” ಎಂದು ಮಗ ಶಿವಪುತ್ರನನ್ನು ಹಿಡಿದು ಕೇಳಿದಳು. ಅವನು ಹೊಲಿಗೆಯಂತ್ರ ರಿಪೇರಿ ಮಾಡುವವನು, ಹಲ್ಲಲ್ಲಿ ಸೂಜಿ ಕಚ್ಚಿಕೊಂಡಿದ್ದ. “ಮುಂಜಾನೆಯಿಂದ ಹತ್ತು ಮಾತ ಅಂದೆ. ಆಕಿ ಅಪ್ಪನ ಮನಿ ತಗದೆ, ಮದುವ್ಯಾಗ ಕೊಟ್ಟ ತೂತ ಬಿದ್ದ ಕೊಡಾ ತಗದೆ. ‘ಹೌದತ್ತಿ, ಖರೇನತ್ತಿ’ ಅಂತಾಳ! ಮೂವತ್ತು ವರ್ಷ ಕಲಿತ ವಿದ್ಯಾ ಎಲ್ಲಾ ಮಣ್ಣಾತು.”

“ಛಲೋ ಆತಲ್ಲ ಯವ್ವಾ, ಮನ್ಯಾಗ ಶಾಂತಿ ಐತಿ.”

“ಶಾಂತಿ ಸ್ಮಶಾನದಾಗೂ ಐತಿ. ಅಲ್ಲಿ ಹೋಗಿ ಸಂಸಾರ ಮಾಡ್ತೀಯೇನು?”

ನೀಲವ್ವನ ಬಾಯಿಗೆ ಹೆದರಿ ಆ ಓಣಿಯಲ್ಲಿ ಕಾಗೆ ಕೂಡ ದೂರದ ಕಂಬಕ್ಕೆ ಕೂರುತ್ತಿತ್ತು. ಅಂಥವಳ ಎದುರು ಸೊಸೆ ಒಣಗಿದ ಗೋಡೆಯಂತೆ ನಿಂತರೆ ಅವಳಾದರೂ ಏನು ಮಾಡಬೇಕು? ರತ್ನಮಾಲಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಸಿಟ್ಟು ಬರಬೇಕಾಗಿತ್ತೆಂದು ಗೊತ್ತಾಯಿತು. ಬರಲಿಲ್ಲ.

ಆಮೇಲೆ ಮಹಾನಂದಾ ಬಂದಳು.

ಮಹಾನಂದಾ ಬಸ್ಸಿನ ಕಂಡಕ್ಟರ್. ಆಗಲೇ ಬಸ್ಸುಗಳು ಡ್ರೈವರ್ ಇಲ್ಲದೆ ತಾವೇ ಓಡುವ ಕಾಲ. ಆದರೆ ನಮ್ಮ ಮಂದಿ ಬಿಟ್ಟಾರೆಯೇ? ‘ಮನುಷ್ಯಾ ಹೇಳದ ಹೊರಡೋ ಗಾಡಿ ನಾವು ಹತ್ತೂದಿಲ್ಲ’ ಎಂದು ಒಂದು ತಿಂಗಳು ಊರಿಗೂರೇ ನಡೆದುಕೊಂಡೇ ಓಡಾಡಿತು. ಕಡೆಗೆ ಕಂಪನಿಯವರು ಸೋತು, ಬಾಗಿಲ ಪಕ್ಕ ಒಂದು ಫಲಕ ಇಟ್ಟರು. ಕಂಡಕ್ಟರ್ ಅಂಗೈಯಿಂದ ಅದನ್ನು ಎರಡು ಸಲ ಬಡಿದರೆ ಮಾತ್ರ ಬಸ್ಸು ಹೊರಡುತ್ತಿತ್ತು. ಒಂದು ಶ್ರಾವಣದ ಬೆಳಿಗ್ಗೆ ಕರಿಹಳ್ಳದ ಸೇತುವೆಯ ಮುಂದೆ ಬಸ್ಸು ನಿಂತು ‘ನೀರಿದೆ, ಹೋಗಲೇ?’ ಎಂದು ಕೇಳಿತು. ನೀರು ಸೇತುವೆಯ ಕೆಳಗೇ ಇತ್ತು. ಮಹಾನಂದಾ ಇಳಿದು ನೋಡಿದಳು, ಹತ್ತಿದಳು, ಎರಡು ಸಲ ಬಡಿದಳು. ನಡುಹಳ್ಳದಲ್ಲಿ ಸೇತುವೆ ಕುಸಿಯಿತು. ಇಪ್ಪತ್ಮೂರು ಮಂದಿ ಹೋದರು. ಸೇತುವೆಯ ಕಂಬ ಒಳಗೊಳಗೇ ಕೊರೆದುಹೋಗಿತ್ತು, ಇವಳ ತಪ್ಪು ಕೂದಲೆಳೆಯಷ್ಟೂ ಇಲ್ಲ ಎಂದು ತನಿಖೆಯವರು ಬರೆದರು. ಬರೆದದ್ದನ್ನು ಅಂಗೈ ಒಪ್ಪಬೇಕಲ್ಲ! ಅಂದಿನಿಂದ ಅವಳು ಬಲಗೈಯನ್ನು ಸೆರಗಿನಲ್ಲಿ ಸುತ್ತಿಟ್ಟಳು. ಉಣ್ಣುವುದು, ತಲೆ ಬಾಚುವುದು ಎಲ್ಲ ಎಡಗೈಯಲ್ಲೇ. ಬೆಳಗಾದರೆ ಮುರಿದ ಸೇತುವೆಯ ತುದಿಗೆ ಹೋಗಿ ನಿಲ್ಲುತ್ತಿದ್ದಳು. ಪ್ರತಿದಿನ ಒಂದು ಹೆಜ್ಜೆ ಮುಂದೆ.

ಐದು ವಾರ ಮೂಕಿಯಂತೆ ಕೂತವಳು ಆರನೇ ವಾರ ಇದನ್ನೆಲ್ಲ ಹೇಳಿದಳು. ಯಾವ ಜೀವಕ್ಕೂ ಹೇಳದ್ದನ್ನು ರತ್ನಮಾಲಾಗೆ ಹೇಳಿದಳು. ಕೇಳುತ್ತ ಕೇಳುತ್ತ ರತ್ನಮಾಲಾಳ ಪಟ್ಟಿ ಐವತ್ತೆಂಟಕ್ಕೆ ಹೋಯಿತು. ಮಹಾನಂದಾ ಅತ್ತ ಹೋದದ್ದೇ ಇವಳು ಹಂಡೆಯಡಿ ಕೂತಳು. ನಾಲ್ಕು ನಿಮಿಷ. ಪಟ್ಟಿ ಐದು ಅಂತ ತೋರಿಸಿತು.

ಏಳನೇ ವಾರದ ಸೋಮವಾರ ಮಾತು ಮುಗಿದಾಗ ರತ್ನಮಾಲಾ ಎದ್ದು, “ಆತು ಮಹಾನಂದಾ, ಮುಂದಿನ ವಾರ ಸಿಗೂಣು,” ಎಂದು ಮೇಜನ್ನು ಅಂಗೈಯಿಂದ ಎರಡು ಸಲ ಬಡಿದಳು.

ಟಪ್, ಟಪ್.

ಏನೂ ಆಗದವಳಂತೆ ಮತ್ತೆ ಹಂಡೆಯಡಿ ಹೋಗಿ ಕೂತಳು.

ಗುರುವಾರ ಫೋನು ಬಂತು.

“ಅಕ್ಕಾರ, ನಾನ್ರಿ ಮಹಾನಂದಾ. ನೀವು ಮೇಜು ಬಡದ್ರಿ.”

“ಮೇಜು?”

“ಬಸ್ಸಿಗೆ ನಾ ಬಡದಂಗ. ಎರಡು ಸಲ.” ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ನಾ ಹೇಳಿದ್ದು ನಿಮ್ಮಲ್ಲಿ ಒಂದ ದಿನಾನೂ ನಿಲ್ಲಲಿಲ್ಲೇನ್ರಿ? ನಿಮಗ ಹೇಳಿದ್ರೂ ಅಷ್ಟ, ಗ್ವಾಡಿಗೆ ಹೇಳಿದ್ರೂ ಅಷ್ಟ ಅಂತಾತು. ಸೋಮವಾರ ಬಂದು ಕಾಗದಕ್ಕ ಸಹಿ ಹಾಕಿ ಹೋಗ್ತೀನ್ರಿ. ಇನ್ನ ಬರೂದಿಲ್ಲ.”

ರತ್ನಮಾಲಾ ಫೋನು ಇಟ್ಟಳು. ತಾನು ಮಾಡಿದ್ದೇನೆಂದು ಅವಳಿಗೆ ಗೊತ್ತಿತ್ತು. ಸೇತುವೆಯ ತುದಿ, ದಿನಕ್ಕೊಂದು ಹೆಜ್ಜೆ, ಸಹಿ ಹಾಕಿ ಹೋದವಳು ಎಲ್ಲಿಗೆ ಹೋಗುತ್ತಾಳೆ ಎನ್ನುವುದೂ ಗೊತ್ತಿತ್ತು. ಗೊತ್ತಿದ್ದದ್ದೆಲ್ಲ ಬೇರೆ ಯಾರದೋ ಸುದ್ದಿಯನ್ನು ಪೇಪರಿನಲ್ಲಿ ಓದಿದಂತಿತ್ತು. ಒಲೆಯ ಮೇಲಿನ ಪಾತ್ರೆ ಬಿಸಿಯೆಂದು ತಲೆಗೆ ತಿಳಿದರೆ ಸಾಲದು, ಕೈಗೂ ತಿಳಿದಿರಬೇಕು. ಹಂಡೆ ಅವಳ ಕೈಯಿಂದ ಆ ತಿಳಿವಳಿಕೆ ತೆಗೆದುಬಿಟ್ಟಿತ್ತು. ಅದಕ್ಕೇ ಕೈ ಹೋಗಿ ಮೇಜು ಬಡಿದಿತ್ತು.

ಸೋಮವಾರ ಹಂಡೆಯ ಮುಖ ಹೊತ್ತು ಮಹಾನಂದಾಳ ಎದುರು ಕೂತರೆ ಅವಳು ಸಹಿ ಹಾಕಿ ಎದ್ದು ಹೋಗುವುದು ಖಂಡಿತ. ರತ್ನಮಾಲಾಗೆ ಕಳೆದುಕೊಂಡ ಭಾರ ವಾಪಸು ಬೇಕಾಗಿತ್ತು. ನಾಲ್ಕು ದಿನದಲ್ಲಿ.

ಶುಕ್ರವಾರ ಮಧ್ಯಾಹ್ನ ಅವಳು ನಿಯಂತ್ರಣ ಕೋಣೆಗೆ ನುಗ್ಗಿದಳು. ಗೋಡೆಯ ಮೇಲೆ ಒಂಬತ್ತು ಮಂದಿಯ ಅಂಕಿಗಳು ಹೊಳೆಯುತ್ತಿದ್ದವು, ಹತ್ತನೆಯದು ನಿರ್ದೇಶಕರದು. ಮಂದಿಗೆ ಮಾದರಿಯಾಗಲೆಂದು ಅವರೂ ಪಟ್ಟಿ ಕಟ್ಟಿಕೊಂಡಿದ್ದರು. ಎರಡು ವರ್ಷದಿಂದ ಅದು ಸೊನ್ನೆಯಿಂದ ಅಲ್ಲಾಡಿರಲಿಲ್ಲ. ಅಂಕಿ ಕಾಯುವ ಇಂಜಿನಿಯರ್ ಶಿರಹಟ್ಟಿ ಬುತ್ತಿ ಬಿಚ್ಚಿದ್ದ.

“ಶಿರಹಟ್ಟಿ, ಮಹಾನಂದಾನ ಜೊತಿ ನಾ ಮಾತಾಡಿದ ಎರಡು ವಾರದ ಧ್ವನಿಮುದ್ರಣ ಹಚ್ಚು.”

“ಸಾಹೇಬ್ರಿಗೆ ಕೇಳಬೇಕಾಗ್ತೈತಿ ಅಕ್ಕಾರ.”

“ಸಾಹೇಬ್ರು ಉಣ್ಣಾಕ ಹೋಗ್ಯಾರ. ನನ್ನ ದನಿ ನಾ ಕೇಳಾಕ ಯಾರ ಪರವಾನಗಿ ಬೇಕ? ನೀ ಉಣ್ಣು. ನಾ ಕೇಳ್ತೀನಿ.”

ಹಂಡೆ ನೆನಪಿನ ಕಾವು ತೆಗೆಯುತ್ತದೆ ನಿಜ, ಕಿವಿಯನ್ನು ಕಿತ್ತುಕೊಳ್ಳುವುದಿಲ್ಲ. ರತ್ನಮಾಲಾ ಕಿವಿಗೆ ಹಚ್ಚಿಕೊಂಡು ಕೂತಳು. ಆರನೇ ವಾರದ್ದನ್ನು ಪೂರ್ತಿ ಕೇಳಿದಳು. ಗೋಡೆಯ ಮೇಲೆ ಅವಳ ಅಂಕಿ ಒಂಬತ್ತರಿಂದ ಮೂವತ್ತಕ್ಕೆ, ನಲವತ್ತೇಳಕ್ಕೆ ಏರಿತು. ಶಿರಹಟ್ಟಿಯ ಕೈಯ ತುತ್ತು ಕೈಯಲ್ಲೇ ನಿಂತಿತು. ಏಳನೆಯದರ ಕೊನೆಗೆ ಬಂದಳು. ಟಪ್, ಟಪ್. ಅದಾದ ಮೇಲೆ ಹನ್ನೊಂದು ಸೆಕೆಂಡು ಮಹಾನಂದಾ ಉಸಿರು ಬಿಟ್ಟಿರಲಿಲ್ಲ. ಹನ್ನೊಂದು ಸೆಕೆಂಡು ಎದುರಿಗೆ ಒಬ್ಬ ಹೆಂಗಸು ನೀರಿನಡಿ ಇದ್ದಂತೆ ಇದ್ದಳು, ಇವಳು ಫೈಲು ಮುಚ್ಚುತ್ತಿದ್ದಳು. ಕಾಗದದ ಪರಪರ ಸದ್ದು ಕೂಡ ಅದರಲ್ಲಿ ಕೇಳುತ್ತಿತ್ತು.

ಎಂಬತ್ತೊಂದು.

ಗಂಟೆ ಬಡಿದುಕೊಂಡ ಅಬ್ಬರಕ್ಕೆ ಎರಡು ಫರ್ಲಾಂಗಿನಾಚೆ ಕೋಳಿಗಳು ತತ್ತಿ ಬಿಟ್ಟು ಓಡಿದವು. ನಿರ್ದೇಶಕ ಡಾಕ್ಟರ್ ಹುಯಿಲಗೋಳರು ಕೈಯನ್ನೂ ತೊಳೆಯದೆ ಓಡಿ ಬಂದರು. ಹಂಡೆಯನ್ನು ಕಂಡುಹಿಡಿದವರು ಅವರೇ.

“ರತ್ನಮಾಲಾ ಅವರ, ಎಂಬತ್ತೊಂದು! ಏನು ಮಾಡ್ಕೊಂಡ್ರಿ ಇದು? ನಡೀರಿ, ಮೊದಲ ಹಂಡೆ...” ಎಂದವರು ನಾಲಿಗೆ ಕಚ್ಚಿಕೊಂಡರು. “ಯಂತ್ರದ ಕೋಣಿಗೆ ನಡೀರಿ.”

“ಒಲ್ಲೆನ್ರಿ.”

“ಹಂಗಂದ್ರ?”

“ಒಲ್ಲೆ ಅಂದ್ರ ಒಲ್ಲೆ. ಇದು ನಂದು. ಕಷ್ಟಪಟ್ಟು ಗಳಿಸೀನಿ.”

ಹುಯಿಲಗೋಳರು ಕುರ್ಚಿ ಎಳೆದುಕೊಂಡು ಕೂತರು. ಕೆಟ್ಟ ಮನುಷ್ಯರಲ್ಲ ಅವರು. “ನೋಡ್ರಿ, ನಾನೂ ಒಂದು ಕಾಲಕ್ಕ ನಿಮ್ಹಂಗ ಕೂತು ಕೇಳಿದಾಂವ. ಗಣಿ ಕುಸಿದಾಗ ನಲವತ್ತು ಮನಿ ಮಂದಿ ಮಾತು ಕೇಳಿದೆ. ಆಮ್ಯಾಲೆ ಆರು ತಿಂಗಳು ಕದಾ ಹಾಕಿದ ಕೋಣ್ಯಾಗ ನನಗ ನಿದ್ದಿ ಬರ್ತಿದ್ದಿಲ್ಲ. ಬಾಗಿಲಾ ತಗದು ಓಣ್ಯಾಗ ಮಲಗ್ತಿದ್ದೆ. ಹುಚ್ಚ ಅಂದ್ರು ಮಂದಿ. ಒಬ್ಬರೂ ಬಂದು ಬಾಜೂಕ ಕೂಡ್ಲಿಲ್ಲ. ನಿಮಗ್ಯಾರಿಗೂ ಹಂಗ ಆಗಬಾರದು ಅಂತ ಇದನ್ನ ಮಾಡೀನಿ.”

“ಯಾರರ ಬಂದು ಬಾಜೂಕ ಕೂತಿದ್ರ ನೀವು ಇದನ್ನ ಮಾಡ್ತಿದ್ದಿಲ್ರಿ.”

ಹುಯಿಲಗೋಳರು ಎದ್ದು ನಿಯಮದ ಪುಸ್ತಕ ಹಿಡಿದರು. “ಅರವತ್ತಕ್ಕಿಂತ ಮ್ಯಾಲಿದ್ದವರು ಯಾರನ್ನೂ ನೋಡೂಹಂಗಿಲ್ಲ. ಸೋಮವಾರ ಹನ್ನೊಂದಕ್ಕ ಆ ಹೆಣ್ಣುಮಗಳು ಬರ್ತಾಳ. ನೀವು ಯಂತ್ರಕ್ಕ ಕೂಡ್ಲಿಲ್ಲಂದ್ರ ಆಕೀನ್ನ ಬ್ಯಾರೆಯವರು ನೋಡ್ತಾರ.”

“ಅರವತ್ತರ ಕೆಳಗ ಇಳೀಬೇಕು ಅಂತ ಬರದೈತಿ. ಹಂಡ್ಯಾಗ ಇಳೀಬೇಕು ಅಂತ ಬರದೈತೇನ್ರಿ?”

ಸಾಹೇಬರು ಪುಟ ತಿರುವಿದರು. ಬರೆದಿರಲಿಲ್ಲ. ಯಂತ್ರದ ಮೇಲಿನ ಅಭಿಮಾನ ಅವರ ಮೂಗಿನ ತುದಿಗೆ ಬಂತು. “ಯಂತ್ರ ಇಲ್ಲದ ಎಂಬತ್ತೊಂದು ಇಳಿಸೋದು ಈ ಭೂಮಿ ಮ್ಯಾಲೆ ಆಗಿಲ್ಲ, ಆಗೂದಿಲ್ಲ. ಇಳಿಸಿ ತೋರಸ್ರಿ.”

ಆ ಸಂಜೆ ರತ್ನಮಾಲಾ ಮೆಂತೆಪಲ್ಲೆ ತರಲಿಲ್ಲ. ರೊಟ್ಟಿ ಮಾಡಲು ಹಿಟ್ಟು ನಾದಿದಳು, ತಟ್ಟಲು ಅಂಗೈ ಎತ್ತಿದಳು, ಕೈ ಗಾಳಿಯಲ್ಲೇ ನಿಂತಿತು.

“ಏನ, ಮುಹೂರ್ತಾ ನೋಡಾಕತ್ತಿಯೇನು?” ಎಂದಳು ನೀಲವ್ವ. “ನಿಮ್ಮಪ್ಪನ ಮನ್ಯಾಗ ರೊಟ್ಟಿ ತಟ್ಟಾಕ ಜೋಯಿಸನ್ನ ಕರಸ್ತಿದ್ರೇನು?”

“ನಮ್ಮಪ್ಪನ ಮನಿ ಸುದ್ದಿ ತಗದ್ರ ನಾಲಿಗಿ ಇದ್ದಲ್ಲೆ ಇರೂದಿಲ್ಲ!” ರತ್ನಮಾಲಾ ಸಿಡಿದಳು. “ಮೂವತ್ತು ವರ್ಷ ಅದ ಕೊಡಾ, ಅದ ತೂತು! ಆ ಕೊಡದಾಗ ನೀರು ಕುಡದ ನಿಮ್ಮ ಮಗಾ ಇಷ್ಟ ದಪ್ಪಾ ಆಗ್ಯಾನ!”

 ನೀಲವ್ವನ ಮುಖ ಹುಣ್ಣಿಮೆಯಂತೆ ಅರಳಿತು. “ಶಿವಪುತ್ರಾ! ಏ ಶಿವಪುತ್ರಾ! ಸೊಸಿ ಬಂದಳೋ!” ಎಂದು ಕೂಗಿದ ಕೂಗಿಗೆ ಅಕ್ಕಪಕ್ಕದ ಏಳು ಮನೆಯವರು ಯಾರ ಸೊಸೆ, ಎಲ್ಲಿಂದ ಬಂದಳು ಎಂದು ಓಡಿಬಂದರು. ಜಗಳ ಮುಕ್ಕಾಲು ತಾಸು ನಡೆಯಿತು. ಅಂಥ ಜಗಳ ಆ ಓಣಿ ಕಂಡಿರಲಿಲ್ಲ, ಇನ್ನು ಕಾಣುವುದೂ ಇಲ್ಲ. ಅದು ಮುಗಿದ ಮೇಲೆ ರತ್ನಮಾಲಾ ಒಲೆಯ ಮುಂದೆ ಕುಕ್ಕರಿಸಿ ಅತ್ತಳು. ನೀಲವ್ವ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡಳು.

“ಏನಂತ ಕೇಳೂದಿಲ್ಲವ್ವಾ. ನಿನ್ನ ಕೆಲಸದ ಮಾತು ಹೊರಗ ಹೇಳಾಕ ಬರೂದಿಲ್ಲ ಅಂತ ಗೊತ್ತೈತಿ. ನಾ ತಟ್ಟತೀನಿ, ನೀ ಬೇಯಸು.”

ಶನಿವಾರ ಮಧ್ಯಾಹ್ನ ಮೂರಕ್ಕೆ ಜೈಬುನ್ನಿಸಾ ಐದು ಸೇರು ಶೇಂಗಾ ಹೊತ್ತು ಮಾಳಿಗೆ ಹತ್ತಿದಳು. ಅವಳ ಹಿಂದೆ, ಬೆಳಿಗ್ಗೆ ಅವಳ ಮನೆಗೆ ಹೋಗಿ ಕೂಟ ಬೇಕೆಂದು ಕೇಳಿದ್ದ ರತ್ನಮಾಲಾ ಮತ್ತು ಉಳಿದ ಏಳು ಮಂದಿ. ಕೂಟ ನಿಷೇಧವಾಗಿ ಎರಡು ವರ್ಷವಾಗಿತ್ತು. ಹಂಡೆಗೆ ಒಗ್ಗಿದ ಮುಖಗಳೆಲ್ಲ ನುಣ್ಣಗಿದ್ದವು.

“ಪಟ್ಟಿ ಬಿಚ್ಚೂದು ಬ್ಯಾಡ,” ಎಂದಳು ಜೈಬುನ್ನಿಸಾ. “ಕೆಳಗ ಶಿರಹಟ್ಟಿ ಅಂಕಿ ನೋಡ್ಲಿ, ಸಾಹೇಬ್ರು ಮಾತು ಕೇಳ್ಲಿ. ಕಳ್ಳತನಾ ಮಾಡಾಕತ್ತಿಲ್ಲ ನಾವು. ಹೇಳ ರತ್ನಾ.”

ರತ್ನಮಾಲಾ ಒಂದು ಕಾಯಿ ಬಿಡಿಸಿದಳು. “ಈ ಅಂಗೈ ನಂದಲ್ಲ ಅನಸ್ತೈತಿ ಆಪಾ. ನಿನ್ನೆ ರೊಟ್ಟಿ ತಟ್ಟಾಕ ಆಗ್ಲಿಲ್ಲ. ಇವತ್ತ ಬಾಗಿಲಾ ಬಡಿಯಾಕ ಆಗ್ಲಿಲ್ಲ, ಹೊರಗ ನಿಂತು ಕೂಗಿದೆ. ಒಬ್ಬಾಕಿ ನನ್ನ ನಂಬಿ ಒಂದು ಕೊಟ್ಟಿದ್ದಳು. ಅದನ್ನ ನಾ ಬೀದ್ಯಾಗ ಚೆಲ್ಲಿ ಬಂದೆ. ಚೆಲ್ಲಿದ್ದು ನನಗ ಗೊತ್ತಾಗಲಿಲ್ಲ. ಅದ... ಅದಕ್ಕ ಉಸಿರು ಹಿಡದಂಗ ಆಗ್ತೈತಿ. ಇಲ್ಲಿ. ಎದಿ ಕೆಳಗ.”

“ಅಕ್ಕಾ, ನೀವು ನಿಧಾನಕ್ಕ ಉಸಿರು ಎಳಕೊಂಡು...” ಎಂದಳು ಶೈಲಜಾ ಗುಡಗೇರಿ.

“ಕಪ್ಪು!” ಎಂದು ಏಳು ಬಾಯಿ ಒಟ್ಟಿಗೆ ಕೂಗಿದವು. ರತ್ನಮಾಲಾಗೆ ಅಳುವಿನ ನಡುವೆ ನಗು ಬಂದು ಶೇಂಗಾಬೀಜ ನೆತ್ತಿಗೇರಿತು.

ಅವಳು ಒಂದು ತಾಸು ಹೇಳಿದಳು. ಸಿಪ್ಪೆ ಮೊಣಕಾಲುದ್ದ ಬಿತ್ತು. ಆಮೇಲೆ ಒಬ್ಬೊಬ್ಬರೇ ಹೇಳಿದರು.

“ನನಗ ಮೊಣಕೈಯಾಗ ತಾಗಿತು,” ಜೈಬುನ್ನಿಸಾ ಅಂದಳು. “ನಾನೂ ಒಬ್ಬಾಕಿದು ಹಿಂಗ ಚೆಲ್ಲೀನಿ. ಹೋದ ವರ್ಷ. ಆಕಿ ಫೋನು ಸುದ್ದಾ ಮಾಡ್ಲಿಲ್ಲ.”

“ನನಗ ಗಂಟಲದಾಗ,” ಶೈಲಜಾ ಅಂದಳು. ಮತ್ತೆ ಯಾರಿಗೋ ಹಿಮ್ಮಡಿಯಲ್ಲಿ, ಯಾರಿಗೋ ಕಣ್ಣಿನ ಹಿಂದೆ. ನುಣ್ಣಗಿದ್ದ ಎಂಟು ಮುಖಗಳು ಮೆಲ್ಲಗೆ ಮನುಷ್ಯರ ಮುಖಗಳಾದವು. ಜೈಬುನ್ನಿಸಾ ಎರಡು ಸಲ ಉಪದೇಶ ಕೊಟ್ಟು ಎರಡು ಸಲ ಕಪ್ಪು ತೊಳೆದಳು.

ರತ್ನಮಾಲಾ ಮಣಿಕಟ್ಟು ನೋಡಿಕೊಂಡಳು. ನಲವತ್ತೊಂಬತ್ತು.

ಸೋಮವಾರ ಹತ್ತಕ್ಕೆ ಒಂಬತ್ತೂ ಮಂದಿ ನಿಯಂತ್ರಣ ಕೋಣೆಗೆ ಹೋದರು. ಗೋಡೆಯ ಮೇಲೆ ನಲವತ್ತೊಂಬತ್ತು ಅಲ್ಲಾಡದೆ ನಿಂತಿತ್ತು. ಆದರೆ ಹುಯಿಲಗೋಳರ ಮುಖದಲ್ಲಿ ಗೆದ್ದ ಕಳೆ ಇತ್ತು.

“ಇಳಿದಿಲ್ಲ!” ಎಂದು ಬೆರಳು ಚಾಚಿದರು. “ನಿಮ್ಮದು ಮೂವತ್ತೆರಡು ಕಡಿಮಿ ಆಗೇದ, ಖರೆ. ಇವರೆಲ್ಲರದೂ ನೋಡ್ರಿ. ಒಬ್ಬರಿಗೆ ಮೂರು ಏರೇದ, ಒಬ್ಬರಿಗೆ ನಾಲ್ಕು, ಜೈಬುನ್ನಿಸಾ ಅವರಿಗೆ ಐದು. ಒಂದು ಗುಂಜಿನೂ ಕರಗಿಲ್ಲ, ಎಲ್ಲಾ ಹಂಚಿಹೋಗೇದ. ಇದು ಚಿಕಿತ್ಸಾ ಅಲ್ಲ ತಾಯಿ, ಸೋಂಕು. ಒಬ್ಬಾಕಿ ಜ್ವರಾ ಎಂಟು ಮಂದಿಗೆ ಹಚ್ಚಿದ್ರಿ.”

ಶಿರಹಟ್ಟಿ ಕೆಮ್ಮಿದ. ಯಾರೂ ಅವನ ಕಡೆ ನೋಡಲಿಲ್ಲ.

ರತ್ನಮಾಲಾ ಮುಂದೆ ಬಂದು ನಿಂತಳು. “ಸಾಹೇಬ್ರ, ನಿಮ್ಮ ಓಣ್ಯಾಗ ಯಾರರ ಸತ್ರ ಹೆಣಾ ಒಬ್ಬನ ಹೆಗಲ ಮ್ಯಾಲೆ ಹೊರಸ್ತಾರೇನ್ರಿ?”

“ಅದಕ್ಕೂ ಇದಕ್ಕೂ...”

“ನಾಕು ಮಂದಿ ಹಿಡೀತಾರ. ದಾರ್ಯಾಗ ಹೆಗಲು ಬದಲಸ್ತಾರ. ಹೆಣದ ಭಾರ ಒಂದು ಗುಂಜಿ ಕಡಿಮಿ ಆಗೂದಿಲ್ಲ. ಆದ್ರ ಮುಟ್ಟಿಸಿ ಬರ್ತಾರ. ನೀವು ಏನು ಮಾಡಿದ್ರಿ? ಭಾರ ಆಗ್ತೈತಿ ಅಂತ ಹೆಣಾನ್ನ ದಾರ್ಯಾಗ ಇಟ್ಟು ಮನಿಗೆ ಬರ್ರಿ ಅಂದ್ರಿ. ನಾವೂ ಬಂದ್ವಿ. ಹಾಡಕೋಂತ ಬಂದ್ವಿ!”

ಶಿರಹಟ್ಟಿ ಮತ್ತೊಮ್ಮೆ ಕೆಮ್ಮಿದ. “ಸಾಹೇಬ್ರ, ಒಂದು ಮಾತು. ಲೆಕ್ಕ ಕೂಡವಲ್ದ್ರಿ. ಅಕ್ಕಾರಿಂದ ಹೋಗಿದ್ದು ಮೂವತ್ತೆರಡು. ಎಂಟು ಮಂದಿಗೆ ಬಂದಿದ್ದು ಇಪ್ಪತ್ತೊಂಬತ್ತು. ಮೂರು ಎಲ್ಲಿ ಹೋತು ಅಂತ ನಿನ್ನೆ ಇಡೀ ದಿನಾ ಹುಡುಕಿದೆ.”

“ಎಲ್ಲಿ ಹೋತು?”

ಶಿರಹಟ್ಟಿ ಗೋಡೆಯ ಹತ್ತನೆಯ ಅಂಕಿಯ ಕಡೆ ಕತ್ತು ತಿರುಗಿಸಿದ. ಹುಯಿಲಗೋಳರು ಅದನ್ನು ನೋಡಿದರು, ತಮ್ಮ ಮಣಿಕಟ್ಟನ್ನು ನೋಡಿಕೊಂಡರು. ಶನಿವಾರ ಮೂರು ತಾಸು ಕಿವಿಗೆ ಹಚ್ಚಿಕೊಂಡು ಮಾಳಿಗೆಯ ಮಾತು ಕೇಳಿದವರು ಅವರೇ. ತಪ್ಪು ಹುಡುಕಲೆಂದೇ ಕೇಳಿದ್ದರು. 

“ಎಲ್ಲಿ ತಾಗಿತ್ರಿ?” ರತ್ನಮಾಲಾ ಮೆಲ್ಲಗೆ ಕೇಳಿದಳು.

ಸಾಹೇಬರ ಕೈ ತನ್ನಷ್ಟಕ್ಕೆ ಎದೆಯ ಮೇಲೆ ಹೋಗಿ, ಮತ್ತೆ ಕೆಳಗಿಳಿಯಿತು. “ನಿಯಮ ನಿಯಮಾನ,” ಎಂದರು ಒಣಗಿದ ದನಿಯಲ್ಲಿ. “ನಲವತ್ತೊಂಬತ್ತದ, ಹೋಗ್ರಿ. ಅರವತ್ತು ದಾಟಿದ್ರ ಗಂಟಿ ಹೊಡೀತದ, ಬಾಗಿಲಾ ತೆರೀತದ. ಅದರಾಗ ನಾನೂ ಏನೂ ಮಾಡೂಹಂಗಿಲ್ಲ. ಸಂಜಿ ಆಗೂದ್ರೊಳಗ ಒಂಬತ್ತೂ ಮಂದಿ ಯಂತ್ರಕ್ಕ ಬರಬೇಕು.”

“ಬರೂದಿಲ್ರಿ,” ಎಂದಳು ಜೈಬುನ್ನಿಸಾ.

“ಕೆಲಸದಿಂದ ತಗೀಬೇಕಾಗ್ತದ.”

“ತಗೀರಿ. ನಾಳೆ ಬರೂ ನೂರಾ ಇಪ್ಪತ್ತಾರು ಮಂದಿ ಮುಂದ ಆ ಹಂಡೇನ ಕುರ್ಚಿ ಮ್ಯಾಲೆ ಕೂಡಸ್ರಿ. ಏನು ಕೇಳ್ತೈತಿ ನೋಡೂಣು.”

ಹನ್ನೊಂದಕ್ಕೆ ಮಹಾನಂದಾ ಬಂದಳು. ಕೂರಲಿಲ್ಲ. ಎಡಗೈಯಲ್ಲಿ ಪೆನ್ನು ಸಿದ್ಧವಾಗಿಟ್ಟುಕೊಂಡಿದ್ದಳು.

“ಎಲ್ಲಿ ಐತ್ರಿ ಕಾಗದ?”

ರತ್ನಮಾಲಾ ಬಾಯಿಪಾಠ ಮಾಡಿಕೊಂಡು ಬಂದದ್ದು ಬೇರೆ ಏನೋ ಇತ್ತು. ಅದೆಲ್ಲ ಆವಿಯಾಯಿತು. “ನಾ ಮೇಜು ಬಡದೆ. ನಿಮ್ಮ ಮಾತು ಒಂದು ದಿನಾನೂ ನನ್ನಲ್ಲಿ ನಿಲ್ಲಲಿಲ್ಲ ಅಂದ್ರಿ. ಖರೆ. ನಿಲ್ಲಗೊಡಲಿಲ್ಲ ನಾನು. ಯಂತ್ರದ ಅಡಿ ಕೂತು ತೊಳಕೊಂಡೆ. ನಿಮ್ಮ ಎದುರಿಗೆ ಬರೇ ಕುರ್ಚಿ ಇತ್ತು.”

ಮಹಾನಂದಾ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಕಣ್ಣು ಊದಿದ್ದವು, ಮೂಗು ಕೆಂಪಾಗಿತ್ತು, ಮೂರು ದಿನದಿಂದ ನೆಟ್ಟಗೆ ಬಾಚದ ತಲೆ.

“ಈಗ?”

“ಈಗ ಐತಿ. ನನ್ನಲ್ಲೆ ಐತಿ. ಭಾಳ ಐತಿ.”

“ಐತಿ ಅಂತ ಹೇಳಾಕ ನಾಚಿಕಿ ಆಗೂದಿಲ್ಲೇನ ನಿಮಗ!” ಮಹಾನಂದಾಳ ದನಿ ಒಡೆಯಿತು. ಏಳು ವಾರದಲ್ಲಿ ಅವಳು ದನಿ ಏರಿಸಿದ್ದು ಅದೇ ಮೊದಲು. “ಮನ್ಯಾಗ ಗಂಡಗ ಹೇಳಲಿಲ್ಲ ನಾನು, ಹೆತ್ತಾಕಿಗೆ ಹೇಳಲಿಲ್ಲ, ನಿಮಗ ಹೇಳಿದೆ! ತೊಳಕೊಂಡ್ರಂತ! ನನಗ್ಯಾಕ ಕೊಡಲಿಲ್ಲ ಆ ಯಂತ್ರಾನ? ನಾ ಎಲ್ಲಿ ಹೋಗಿ ತೊಳಕೊಳ್ಳಿ?” ಬೈಗುಳ ಆಮೇಲೆ ಬಂತು. ಹತ್ತು ವರ್ಷ ಬಸ್ ನಿಲ್ದಾಣದಲ್ಲಿ ದುಡಿದವಳ ಬೈಗುಳ. ಗೋಡೆಯ ಸುಣ್ಣ ಉದುರಿತೆಂದು ಪಕ್ಕದ ಕೋಣೆಯ ಶೈಲಜಾ ಈಗಲೂ ಆಣೆ ಹಾಕಿ ಹೇಳುತ್ತಾಳೆ. ರತ್ನಮಾಲಾ ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ. ತಡೆಯಲಿಲ್ಲ, ಸಮಾಧಾನ ಹೇಳಲಿಲ್ಲ. ಪ್ರತಿಯೊಂದೂ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಬೈದು ಬೈದು ದಣಿದು ಮಹಾನಂದಾ ಕುರ್ಚಿಯ ತುದಿಗೆ ಕೂತಳು. ಉಸಿರು ಹತ್ತಿಬಂದಿತ್ತು. “ನಿಮಗ ಗೊತ್ತಿಲ್ಲ,” ಎಂದಳು ನೆಲ ನೋಡುತ್ತ. “ನಾ ಅವತ್ತ ಇಳಿದು ನೋಡಿ ಹತ್ತಿದ್ನಲ್ಲ... ಹತ್ತೂ ಮುಂದ ಬಾಗಲದಾಗ ಒಬ್ಬ ಮುದುಕಿ ಇದ್ದಳು. ಆಕಿ ಏನೋ ಕೇಳಿದ್ಲು. ಇದನ್ನ ನಾ ನಿಮಗೂ ಹೇಳಿಲ್ಲ.”

ಆಗಲೇ ರತ್ನಮಾಲಾಳ ಮಣಿಕಟ್ಟು ಅರವತ್ತೆರಡು ಎಂದಿತು. ಗಂಟೆ ಬಡಿಯಿತು. ಕೋಣೆಯ ಬಾಗಿಲು ಹಾರು ಹೊಡೆದು ತೆರೆಯಿತು.

ಮಹಾನಂದಾ ಬೆಚ್ಚಿ ಬಾಯಿ ಮುಚ್ಚಿದಳು. ಪೆನ್ನು ಎತ್ತಿಕೊಂಡು ಏಳತೊಡಗಿದಳು. “ನನ್ನ ಹೊತ್ತು ಮುಗೀತು ಕಾಣಸ್ತೈತಿ.”

ರತ್ನಮಾಲಾ ಎದ್ದಳು. ಬಾಗಿಲನ್ನು ಕಾಲಿನಿಂದ ಒದ್ದು ಮುಚ್ಚಿದಳು. ಅದು ಮತ್ತೆ ತೆರೆಯಲು ನೂಕಿತು. ಹಿಡಿಕೆಯ ಕೆಳಗೆ ಫೈಲಿನ ಕಬ್ಬಿಣದ ಕಪಾಟನ್ನು, ಆರು ಮಂದಿ ಅಲ್ಲಾಡಿಸಲಾಗದ ಕಪಾಟನ್ನು, ಒಬ್ಬಳೇ ಎಳೆದು ತಂದು ಆನಿಸಿದಳು. ಮಣಿಕಟ್ಟಿನ ಪಟ್ಟಿ ಬಿಚ್ಚಿ ಕಿಟಕಿಯಿಂದಾಚೆ ಎಸೆದಳು. ಬಂದು, ಕುರ್ಚಿಯನ್ನು ಮೊದಲಿಗಿಂತ ಹತ್ತಿರ ಎಳೆದುಕೊಂಡು ಕೂತಳು.

“ಯಾವ ಹೊತ್ತೂ ಮುಗಿದಿಲ್ಲ. ಏನು ಕೇಳಿದ್ಲು ಆ ಮುದುಕಿ?”

ಹೊರಗೆ ಗಂಟೆ ಧಾರವಾಡಕ್ಕೆ ಕೇಳುವಷ್ಟು ಅರಚಿಕೊಳ್ಳುತ್ತಿತ್ತು. ಒಳಗಿದ್ದ ಇಬ್ಬರಿಗೂ ಕೇಳಿಸಲಿಲ್ಲ.